ಸಂಬಳವೊಂದೇ ಕಾರಣವಲ್ಲ

ದಾದಿಯರು ವಿದೇಶಕ್ಕೆ ಹೋಗುವ ಮಾತು ಬಂದಾಗಲೆಲ್ಲ ನಾವು ಸಂಬಳದ ಲೆಕ್ಕ ಹೇಳಿ ಸುಮ್ಮನಾಗುತ್ತೇವೆ. ಪೌಂಡು, ರಿಯಾಲುಗಳ ಆಕರ್ಷಣೆ ಇಲ್ಲವೆಂದಲ್ಲ. ಆದರೆ ನಮ್ಮ ನಂದಗುಡಿ ಕಡೆಯಿಂದ ಹೊಸಕೋಟೆ ದಾಟಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಿಗೆ ದುಡಿಯಲು ಹೋಗುವ ಹೆಣ್ಣುಮಕ್ಕಳನ್ನು ವಿಚಾರಿಸಿದರೆ, ಅವರು ಮೊದಲು ಎತ್ತುವುದು ವಾರ್ಡಿನ ಮಾತನ್ನು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ವರ್ಷದ ಜಿಎನ್‌ಎಂ ಮುಗಿಸಿ ನಗರದ ಆಸ್ಪತ್ರೆಯೊಂದಕ್ಕೆ ಸೇರಿದ್ದಳು. ರಾತ್ರಿ ಪಾಳಿಯಲ್ಲಿ ಆಕೆಯೊಬ್ಬಳ ಪಾಲಿಗೆ 20 ರೋಗಿಗಳು. ಡ್ರಿಪ್ ಬದಲಿಸಬೇಕು, ಇಂಜೆಕ್ಷನ್ ಕೊಡಬೇಕು, ಚಾರ್ಟ್ ತುಂಬಬೇಕು. ಬಿಲ್ ನೋಡಿ ಕೆರಳಿದ ಬಂಧುಗಳ ಬೈಗುಳವನ್ನೂ ಆಕೆಯೇ ಕೇಳಬೇಕು. “ಕೆಲಸ ಜಾಸ್ತಿ ಅಂತ ಬೇಜಾರಿಲ್ಲ ಮೇಷ್ಟ್ರೇ. ಮೂರನೇ ಬೆಡ್ಡಿನವರಿಗೆ ಉಸಿರು ಕಟ್ಟಿದಾಗ ನಾನು ಹದಿನೇಳನೇ ಬೆಡ್ಡಿನ ಹತ್ತಿರ ಇದ್ದೆ” ಎಂದಳು. ರೋಗಿ ಬದುಕಿಕೊಂಡರು. ಆಕೆ ಆ ತಿಂಗಳಲ್ಲೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡುಗಳಲ್ಲಿ, ಬೋಧನಾ ಆಸ್ಪತ್ರೆಯಾದರೆ 3 ಹಾಸಿಗೆಗೆ, ಉಳಿದೆಡೆ 5 ಹಾಸಿಗೆಗೆ ಒಬ್ಬ ದಾದಿ ಇರಬೇಕು. ಕೇಳಲು ಸೊಗಸಾಗಿದೆ. ಮೂರು ಪಾಳಿಗಳಿಗೆ ಹಂಚಿದಾಗ ಅದೇ ಲೆಕ್ಕ ಪಾಳಿಯೊಂದಕ್ಕೆ 9 ಮತ್ತು 15 ಹಾಸಿಗೆಗಳಾಗುತ್ತದೆ. ರಜೆ, ಗೈರುಹಾಜರಿ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ವಾರ್ಡಿನ ದಾದಿಗೆ ಯಾವ ಪಾಳಿಯಲ್ಲೂ 5ಕ್ಕಿಂತ ಹೆಚ್ಚು ರೋಗಿಗಳನ್ನು ವಹಿಸಕೂಡದೆಂಬ ನಿಯಮ 2005ರಿಂದ ಜಾರಿಯಲ್ಲಿದೆ. ಅಲ್ಲಿ ಅದು ಕಾನೂನು. ನಮ್ಮಲ್ಲಿ ಮಾನದಂಡ ನೆನಪಾಗುವುದು ಬಹುಮಟ್ಟಿಗೆ ತಪಾಸಣೆಯ ದಿನ.

ಕೆಲಸ ಬಿಡುವುದೂ ಸುಲಭವಲ್ಲ. ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಯ ಕಪಾಟಿನಲ್ಲಿಟ್ಟುಕೊಂಡು ಬಾಂಡ್ ಬರೆಸಿಕೊಳ್ಳುವ ಪದ್ಧತಿ ಬಹುಕಾಲದಿಂದ ಇದೆ. ಕೇರಳದ ದಾದಿಯರು 2011-12ರಲ್ಲಿ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ. ಓದಿದ ಕಾಗದವನ್ನೇ ಒತ್ತೆಯಿಟ್ಟು ದುಡಿಸಿಕೊಳ್ಳುವುದಕ್ಕೆ ಜೀತವೆನ್ನದೆ ಬೇರೆ ಯಾವ ಹೆಸರಿಡಬೇಕೋ ನಾನರಿಯೆ.

ಸುಪ್ರೀಂ ಕೋರ್ಟ್ 2016ರ ಜನವರಿ 29ರಂದು ಖಾಸಗಿ ದಾದಿಯರ ಸ್ಥಿತಿಗತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ಮಾಸಿಕ ವೇತನ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು ಎಂಬ ಸಮಿತಿಯ ಶಿಫಾರಸು ಎಲ್ಲರ ಕಣ್ಣಿಗೆ ಬಿತ್ತು. ರಜೆ, ದುಡಿಮೆಯ ಅವಧಿ, ವಸತಿ, ವಾಹನ ಸೌಲಭ್ಯಗಳೂ ಸರ್ಕಾರಿ ದಾದಿಯರಿಗೆ ಸಮನಾಗಿರಬೇಕೆಂದು ಅದೇ ಸಮಿತಿ ಹೇಳಿದ್ದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಆರೋಗ್ಯ ರಾಜ್ಯಗಳ ವಿಷಯವೆಂದು ಕೇಂದ್ರ ಆ ಕಡತವನ್ನು ರಾಜ್ಯಗಳಿಗೆ ದಾಟಿಸಿತು. ಕೇರಳ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು.

ಹೊರದೇಶವೇನೂ ಸ್ವರ್ಗವಲ್ಲ. 2022ರ ಡಿಸೆಂಬರಿನಲ್ಲಿ ಬ್ರಿಟನ್ನಿನ ದಾದಿಯರೇ ವೇತನ ಮತ್ತು ಸಿಬ್ಬಂದಿ ಕೊರತೆಯ ಪ್ರಶ್ನೆಯೆತ್ತಿ ಬೀದಿಗಿಳಿದಿದ್ದರು. ನನ್ನ ವಿದ್ಯಾರ್ಥಿನಿ ಈಗಿರುವುದು ಆ ದೇಶದಲ್ಲೇ. ಅಲ್ಲಿ ಔಷಧದ ಪ್ರಮಾಣ ಅನುಮಾನ ಹುಟ್ಟಿಸಿದರೆ ವೈದ್ಯರನ್ನು ತಡೆದು ಕೇಳಬಹುದು, ಕೇಳದಿದ್ದರೇ ತಪ್ಪು ಎನ್ನುತ್ತಾಳೆ. ಇಲ್ಲಿ ಹಾಗೆ ಕೇಳಿದ್ದಕ್ಕೆ ಆಕೆಗೆ ಸಿಕ್ಕಿದ್ದು ಒಂದು ವಾರದ ಹೆಚ್ಚುವರಿ ರಾತ್ರಿ ಪಾಳಿ.

ಖಾಸಗಿ ಆಸ್ಪತ್ರೆಗಳು ಚಿಕಿತ್ಸಾ ದರಪಟ್ಟಿ ಪ್ರದರ್ಶಿಸಬೇಕೆಂಬ ಕಾನೂನು ಕರ್ನಾಟಕದಲ್ಲಿ ಇದೆ. ಈ ಪಾಳಿಯಲ್ಲಿ ರೋಗಿಗಳೆಷ್ಟು, ದಾದಿಯರೆಷ್ಟು ಎಂಬುದನ್ನೂ ಪ್ರತಿ ವಾರ್ಡಿನ ಬಾಗಿಲಲ್ಲಿ ಬರೆದು ಹಾಕುವಂತೆ ಸರ್ಕಾರ ಆದೇಶಿಸಲಿ. ಅದಕ್ಕೆ ಬೇಕಾಗುವುದು ಒಂದು ಕಪ್ಪು ಹಲಗೆ, ಒಂದು ತುಂಡು ಸೀಮೆಸುಣ್ಣ.