ಎಂಟು ನಿಮಿಷಗಳ ಲೆಕ್ಕ

ಓಟದ ಅವಧಿ ಎಂಟು ನಿಮಿಷ. ಏಳೂವರೆ ನಿಮಿಷಗಳವರೆಗೆ ಒಂದು ಕಾರು ಉಳಿದೆಲ್ಲವನ್ನೂ ಹಿಂದಿಕ್ಕಿ ಓಡುತ್ತದೆ. ಆ ಮೇಲೆ ಅದರ ಮೋಟಾರಿನ ದನಿ ಕುಗ್ಗುತ್ತದೆ. ನೇರವಾದ ದಾರಿಯಲ್ಲಿಯೇ ವೇಗ ಇಳಿಯುತ್ತದೆ. ಅಷ್ಟು ಹೊತ್ತು ಹಿಂದೆ ಬಿದ್ದಿದ್ದ ಕಾರುಗಳು ಒಂದಾದ ಮೇಲೊಂದರಂತೆ ಅದನ್ನು ದಾಟಿ ಹೋಗುತ್ತವೆ. ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಬ್ಯಾಟರಿ ಬರಿದಾಗಿದೆ, ಅಷ್ಟೆ. ರೇಡಿಯೋ ತರಂಗಗಳ ಮೂಲಕ ದೂರದಿಂದ ನಡೆಸುವ ಪುಟ್ಟ ವಿದ್ಯುತ್ ಕಾರುಗಳ ಪಂದ್ಯಗಳಲ್ಲಿ 1980ರ ದಶಕದಲ್ಲಿ ಇದು ಮತ್ತೆ ಮತ್ತೆ ಕಾಣುತ್ತಿದ್ದ ದೃಶ್ಯ.

ಈ ಕಾರುಗಳನ್ನು ಕೇವಲ ಆಟಿಕೆಗಳೆಂದು ತಳ್ಳಿಹಾಕುವಂತಿಲ್ಲ. 1976ರಲ್ಲಿ ಜಪಾನಿನ ತಮಿಯಾ ಸಂಸ್ಥೆ ಪೋರ್ಷೆ ಕಾರಿನ ಹನ್ನೆರಡರಲ್ಲೊಂದು ಅಳತೆಯ ಪ್ರತಿರೂಪವನ್ನು ಮಾರುಕಟ್ಟೆಗೆ ತಂದ ಮೇಲೆ ಈ ಹವ್ಯಾಸ ಬಹು ಬೇಗ ಹಬ್ಬಿತು. 1982ರಲ್ಲಿ ಅಮೆರಿಕದ ಅನಾಹೈಮಿನಲ್ಲಿ ಇದೇ ಅಳತೆಯ ವಿದ್ಯುತ್ ಕಾರುಗಳಿಗೆ ವಿಶ್ವ ಪಂದ್ಯವೇ ನಡೆಯಿತು. ಪಂದ್ಯದ ನಿಯಮಗಳು ಬ್ಯಾಟರಿಯಲ್ಲಿ ಎಷ್ಟು ಕೋಶಗಳಿರಬೇಕೆಂಬುದನ್ನು ಗೊತ್ತುಮಾಡಿದ್ದುವು. ಆದುದರಿಂದ ಎಲ್ಲ ಸ್ಪರ್ಧಿಗಳ ಬುತ್ತಿಯೂ ಸುಮಾರಾಗಿ ಒಂದೇ. ಆ ಬುತ್ತಿಯನ್ನು ಕೊನೆಯ ಸುತ್ತಿನವರೆಗೆ ಬರುವಂತೆ ಖರ್ಚು ಮಾಡಬಲ್ಲವನು ಗೆಲ್ಲುತ್ತಿದ್ದನು.

ಬುತ್ತಿ ಎಷ್ಟೆಂದು ಮೊದಲು ನೋಡೋಣ. ಆ ಕಾಲದ ನಿಕಲ್-ಕ್ಯಾಡ್ಮಿಯಮ್ ಕೋಶವೊಂದರ ವಿದ್ಯುದ್ದಾಬ 1.2 ವೋಲ್ಟ್. ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 7.2 ವೋಲ್ಟ್. ಧಾರಣೆ 1200 ಮಿಲಿಆಂಪಿಯರ್-ಗಂಟೆ, ಎಂದರೆ 1.2 ಆಂಪಿಯರ್ ಪ್ರವಾಹವನ್ನು ಒಂದು ಗಂಟೆಯ ಕಾಲ ಕೊಡುವಷ್ಟು. ಇವನ್ನು ಗುಣಿಸಿದರೆ 8.64 ವಾಟ್-ಗಂಟೆ, ಅಥವಾ ಸುಮಾರು 31,000 ಜೌಲ್. ಕೇಳಲು ದೊಡ್ಡ ಸಂಖ್ಯೆ. ಆದರೆ ಎರಡು ಗ್ರಾಂ ಸಕ್ಕರೆಯಿಂದ ನಮ್ಮ ದೇಹ ಪಡೆಯುವ ಶಕ್ತಿಯೂ ಇದಕ್ಕಿಂತ ತುಸು ಹೆಚ್ಚೇ! ಇದನ್ನು ಎಂಟು ನಿಮಿಷಗಳಿಗೆ, ಎಂದರೆ 480 ಸೆಕೆಂಡುಗಳಿಗೆ, ಹಂಚಿದರೆ ಸೆಕೆಂಡಿಗೆ 65 ಜೌಲ್ ದೊರೆಯುತ್ತದೆ. ಆದುದರಿಂದ ಕಾರಿನ ಸರಾಸರಿ ಖರ್ಚು 65 ವಾಟ್ ಮೀರಕೂಡದು. ಸರಾಸರಿ ಪ್ರವಾಹ 9 ಆಂಪಿಯರ್ ದಾಟಕೂಡದು. ದಾಟಿದರೆ ಎಂಟನೆಯ ನಿಮಿಷ ಮುಗಿಯುವ ಮೊದಲೇ ಕಾರು ನಿಲ್ಲುವುದು ಖಂಡಿತ.

ಹಾಗಾದರೆ ಈ 65 ವಾಟ್ ಎಲ್ಲಿಗೆ ಹೋಗುತ್ತದೆ? ಹೆಚ್ಚಿನವರು ಕಾರಿನ ಭಾರವನ್ನೋ ಗಾಳಿಯ ತಡೆಯನ್ನೋ ಮೊದಲು ನೆನೆಯುತ್ತಾರೆ. ನಿಜವಾದ ದುಂದುಗಾರ ಮೋಟಾರಿನೊಳಗೆ ಅಡಗಿದ್ದಾನೆ.

ತಿರುಗುತ್ತಿರುವ ಮೋಟಾರು ಅದೇ ಸಮಯದಲ್ಲಿ ಒಂದು ಡೈನಮೋ ಕೂಡ ಆಗಿರುತ್ತದೆ. ಅದರ ಸುರುಳಿಗಳು ಕಾಂತಕ್ಷೇತ್ರದಲ್ಲಿ ಸುತ್ತುವುದರಿಂದ ಅವುಗಳಲ್ಲಿ ಬ್ಯಾಟರಿಗೆ ಎದುರಾಗಿ ನಿಲ್ಲುವ ಒಂದು ವಿದ್ಯುದ್ದಾಬ ಹುಟ್ಟುತ್ತದೆ. ವೇಗ ಹೆಚ್ಚಿದಷ್ಟೂ ಈ ಎದುರು ದಾಬವೂ ಹೆಚ್ಚು. ಬ್ಯಾಟರಿ 7.2 ವೋಲ್ಟ್ ಕೊಡುತ್ತಿರುವಾಗ ಎದುರು ದಾಬ 5.4 ವೋಲ್ಟ್ ಇದೆಯೆಂದು ಭಾವಿಸಿ. ಆಗ ಬ್ಯಾಟರಿಯಿಂದ ಬಂದ ಪ್ರತಿ 7.2 ಜೌಲಿನಲ್ಲಿ 5.4 ಜೌಲ್ ಚಲನೆಯಾಗಿ ಮಾರ್ಪಡುತ್ತದೆ, ಉಳಿದ 1.8 ಜೌಲ್ ತಂತಿಯನ್ನು ಕಾಯಿಸಿ ಹಾಳಾಗುತ್ತದೆ. ಕಾರು ನಿಂತಿರುವಾಗ ಎದುರು ದಾಬವೇ ಇಲ್ಲ. ಈ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 540 ಎಂಬ ಗಾತ್ರದ ಸಾಮಾನ್ಯ ಮೋಟಾರನ್ನು 7.2 ವೋಲ್ಟಿಗೆ ಜೋಡಿಸಿ, ತಿರುಗದಂತೆ ಹಿಡಿದರೆ, ಅದು ಸುಮಾರು 70 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅದು 500 ವಾಟ್. ಅಷ್ಟೂ ಬರಿಯ ಕಾವು!

ಇದೇ ಮೋಟಾರು ತನ್ನ ಅತಿ ಹೆಚ್ಚಿನ ವೇಗದ ಅರ್ಧದಲ್ಲಿ ತಿರುಗುವಾಗ ಸುಮಾರು 35 ಆಂಪಿಯರ್ ಎಳೆದು 126 ವಾಟ್ ಕೆಲಸ ಮಾಡುತ್ತದೆ. ಅದಕ್ಕಿಂತ ಹೆಚ್ಚಿನ ಸಾಮರ್ಥ್ಯವನ್ನು ಅದರಿಂದ ಪಡೆಯುವುದು ಸಾಧ್ಯವಿಲ್ಲ. ಆದರೆ ಆ ಸ್ಥಿತಿಯಲ್ಲಿ ಬ್ಯಾಟರಿ ತೆರುತ್ತಿರುವುದು 252 ವಾಟ್. ಅದೇ ಮೋಟಾರನ್ನು ಹಗುರವಾದ ಹೊರೆಯೊಡನೆ ವೇಗವಾಗಿ ತಿರುಗಲು ಬಿಟ್ಟರೆ, 13 ಆಂಪಿಯರ್ ಎಳೆಯುವಲ್ಲಿ, 94 ವಾಟ್ ಪಡೆದು 63 ವಾಟ್ ಕೆಲಸ ಮಾಡಿ ತೋರಿಸುತ್ತದೆ. ಮೊದಲನೆಯ ಸ್ಥಿತಿಯಲ್ಲಿ ಕೆಲಸ ಎರಡರಷ್ಟು, ಬೆಲೆ ಮಾತ್ರ ಎರಡೂಮುಕ್ಕಾಲರಷ್ಟು. ನಮ್ಮ 31,000 ಜೌಲ್ ಅಲ್ಲಿ ಎರಡೇ ನಿಮಿಷಗಳಲ್ಲಿ ಮುಗಿದರೆ, ಇಲ್ಲಿ ಐದೂವರೆ ನಿಮಿಷ ಬಾಳುತ್ತದೆ.

ಅತಿ ಹೆಚ್ಚಿನ ಸಾಮರ್ಥ್ಯ ಬೇರೆ, ಅತಿ ಹೆಚ್ಚಿನ ದಕ್ಷತೆ ಬೇರೆ ಎಂಬ ಈ ಭೇದ ಹಿಂದೆ ದೊಡ್ಡವರನ್ನೂ ತೊಡಕಿಗೆ ಸಿಕ್ಕಿಸಿತ್ತು. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೀವಾ ನದಿಯಲ್ಲಿ ವಿದ್ಯುತ್ಕೋಶಗಳಿಂದ ದೋಣಿಯನ್ನು ನಡೆಸಿ ತೋರಿಸಿದ ಯಾಕೊಬಿಯ ಹೆಸರಿನಲ್ಲಿಯೇ ಒಂದು ನಿಯಮವಿದೆ: ಅತಿ ಹೆಚ್ಚಿನ ಸಾಮರ್ಥ್ಯ ದೊರೆಯುವಾಗ ಅರ್ಧದಷ್ಟು ಶಕ್ತಿ ಕಾವಾಗಿ ಹೋಗುತ್ತದೆ. ಇದರಿಂದ ವಿದ್ಯುತ್ ಮೋಟಾರಿನ ದಕ್ಷತೆ ಎಂದೆಂದಿಗೂ ಅರ್ಧವನ್ನು ಮೀರಲಾರದೆಂದು ಆ ಕಾಲದಲ್ಲಿ ಹಲವರು ಬಗೆದರು. ಅತಿ ಹೆಚ್ಚಿನ ಸಾಮರ್ಥ್ಯವನ್ನು ಹಿಂಡದೆ, ಮೋಟಾರನ್ನು ಅದರ ಪಾಡಿಗೆ ವೇಗವಾಗಿ ತಿರುಗಲು ಬಿಡಬಹುದೆಂಬುದು ಅವರಿಗೆ ಹೊಳೆಯಲಿಲ್ಲ.

ಕಾರಿನಲ್ಲಿ ಇದನ್ನು ಸಾಧಿಸುವುದು ಹಲ್ಲುಚಕ್ರಗಳಿಂದ. ಮೋಟಾರಿನ ಅಚ್ಚಿನ ಮೇಲೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿರುತ್ತದೆ. ಅದು ದೊಡ್ಡದೊಂದನ್ನು ತಿರುಗಿಸುತ್ತದೆ. ದೊಡ್ಡದರಲ್ಲಿ 80 ಹಲ್ಲು, ಚಿಕ್ಕದರಲ್ಲಿ 20 ಹಲ್ಲು ಇದ್ದರೆ ಮೋಟಾರು ನಾಲ್ಕು ಸುತ್ತು ಬರುವಷ್ಟರಲ್ಲಿ ದೊಡ್ಡ ಚಕ್ರ ಒಂದು ಸುತ್ತು. ಪಿನಿಯನ್ನನ್ನು ಕಳಚಿ 18 ಹಲ್ಲಿನದನ್ನು ಹಾಕಿದಿರೆನ್ನಿ. ಚಕ್ರಗಳಿಗೆ ಅದೇ ತಳ್ಳುಬಲವನ್ನು ಕೊಡಲು ಮೋಟಾರಿಗೆ ಈಗ ಹತ್ತನೆಯ ಒಂದು ಪಾಲು ಕಡಿಮೆ ಪ್ರವಾಹ ಸಾಕು. ಸುರುಳಿಗಳಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಸುಮಾರು ಐದನೆಯ ಒಂದು ಪಾಲು ಇಳಿಯುತ್ತದೆ. ಎರಡೇ ಹಲ್ಲುಗಳ ವ್ಯತ್ಯಾಸ! ದೊಡ್ಡ ಪಿನಿಯನ್ ಹಾಕಿದರೆ ಕಾರು ವೇಗವಾಗಿ ಓಡುತ್ತದೆಂದು ನಂಬಿ ಹೊಸಬರು ಹಲ್ಲುಗಳನ್ನು ಏರಿಸುತ್ತಲೇ ಹೋಗುತ್ತಾರೆ. ನೇರವಾದ ಉದ್ದ ದಾರಿಯಲ್ಲಿ ಅದು ನಿಜವೇ. ತಿರುವುಗಳೇ ತುಂಬಿದ ಚಿಕ್ಕ ಅಂಗಳದಲ್ಲಿ ಮೋಟಾರು ತನ್ನ ವೇಗವನ್ನು ಮುಟ್ಟುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಇಡೀ ಓಟವೂ ದಕ್ಷತೆ ಕಡಿಮೆಯಿರುವ ಕಡೆಯಲ್ಲಿಯೇ ಕಳೆದುಹೋಗುತ್ತದೆ. ಓಟ ಮುಗಿದ ಕೂಡಲೆ ಮೋಟಾರಿನ ಬಳಿ ಕೈಯೊಡ್ಡಿ ನೋಡಿ. ಮುಟ್ಟಲಾಗದಷ್ಟು ಸುಡುತ್ತಿದ್ದರೆ, ನಿಮ್ಮ ಬ್ಯಾಟರಿಯ ಆಯುಸ್ಸು ಎಲ್ಲಿ ಸೋರಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡನೆಯ ದುಂದುಗಾರ ಕಾರನ್ನು ನಡೆಸುವ ಕೈ. ಚಲನ ಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆಂದು ನಾವು ತರಗತಿಯಲ್ಲಿ ಬರೆದಾಗ ಆ ಸೂತ್ರ ಬಹುಮಂದಿ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಸರಕಾಗಿಯೇ ಉಳಿಯುತ್ತದೆ. ಇಲ್ಲಿ ಅದು ಗೆಲವು ಸೋಲುಗಳನ್ನು ನಿರ್ಣಯಿಸುತ್ತದೆ. ಕಾರಿನ ತೂಕ ಒಂದು ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಅದರ ಚಲನ ಶಕ್ತಿ 72 ಜೌಲ್. ತಿರುವಿನಲ್ಲಿ ಬ್ರೇಕು ಹಾಕಿ 5 ಮೀಟರಿಗೆ ಇಳಿಸಿದರೆ ಉಳಿಯುವುದು 12.5 ಜೌಲ್. ಕಳೆದುಹೋದ 59.5 ಜೌಲನ್ನು ತಿರುವು ದಾಟಿದ ಮೇಲೆ ಬ್ಯಾಟರಿ ಮತ್ತೆ ತುಂಬಿಕೊಡಬೇಕು. ಇನ್ನೊಬ್ಬ ಸ್ಪರ್ಧಿ ತಿರುವು ಬರುವುದಕ್ಕೆ ತುಸು ಮೊದಲೇ ಬೆರಳನ್ನು ಸಡಿಲಿಸುತ್ತಾನೆ. 11 ಮೀಟರಿಗಿಂತ ಮೇಲೆ ಹೋಗುವುದಿಲ್ಲ, ಆದರೆ ಅಗಲವಾದ ಬಾಗಿನಲ್ಲಿ ಸಾಗಿ 7 ಮೀಟರ್ ವೇಗವನ್ನು ಉಳಿಸಿಕೊಳ್ಳುತ್ತಾನೆ. ಅವನ ನಷ್ಟ 36 ಜೌಲ್.

ಒಂದು ಸುತ್ತಿಗೆ 15 ಸೆಕೆಂಡು, ಸುತ್ತಿನಲ್ಲಿ ಇಂತಹ ನಾಲ್ಕು ತಿರುವುಗಳು ಎಂದಾದರೆ ಎಂಟು ನಿಮಿಷಗಳಲ್ಲಿ 128 ತಿರುವುಗಳು. ವೇಗ ಕೂಡಿಸಿಕೊಳ್ಳುವಾಗ ಮೋಟಾರಿನ ದಕ್ಷತೆ ಅರ್ಧವೆಂದು ಹಿಡಿದರೆ, ಮೊದಲನೆಯವನು ಇದಕ್ಕಾಗಿಯೇ 15,000 ಜೌಲಿಗಿಂತ ಹೆಚ್ಚು ಸುರಿಯುತ್ತಾನೆ. ಅದು ಬುತ್ತಿಯ ಅರ್ಧ ಭಾಗ. ಎರಡನೆಯವನಿಗೆ 9,200 ಜೌಲ್ ಸಾಕು. ಉಳಿತಾಯವಾದ 6,000 ಜೌಲ್, ಸೆಕೆಂಡಿಗೆ 65ರಂತೆ, ಒಂದೂವರೆ ನಿಮಿಷದ ಓಟಕ್ಕೆ ಒದಗುತ್ತದೆ. ಅವನ ಕಾರು ನಿಧಾನವೂ ಅಲ್ಲ: ನೇರ ದಾರಿಯಲ್ಲಿ ಕಳೆದುಕೊಂಡ ಹೊತ್ತನ್ನು ತಿರುವಿನಲ್ಲಿ ಮರಳಿ ಗಳಿಸಿರುತ್ತಾನೆ.

ದೊಡ್ಡ ಕಾರುಗಳೂ ಈ ಲೆಕ್ಕಕ್ಕೆ ಹೊರತಲ್ಲ. 2014ರಲ್ಲಿ ಬೀಜಿಂಗಿನಲ್ಲಿ ಆರಂಭವಾದ ಫಾರ್ಮುಲಾ ಈ ಎಂಬ ವಿದ್ಯುತ್ ಕಾರುಗಳ ಪಂದ್ಯದಲ್ಲಿ ಮೊದಲ ನಾಲ್ಕು ಋತುಗಳವರೆಗೆ ಒಂದು ಬ್ಯಾಟರಿ ಇಡೀ ಓಟಕ್ಕೆ ಸಾಲುತ್ತಿರಲಿಲ್ಲ. ಚಾಲಕರು ಓಟದ ನಡುವೆ ಒಂದು ಕಾರಿನಿಂದಿಳಿದು ಇನ್ನೊಂದನ್ನು ಏರುತ್ತಿದ್ದರು! 2018ರ ಡಿಸೆಂಬರಿನಲ್ಲಿ ಹೊಸ ಬ್ಯಾಟರಿಗಳು ಬಂದ ಮೇಲೆ ಆ ಪದ್ಧತಿ ನಿಂತಿತು. 2023ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿ ಈ ಪಂದ್ಯ ನಡೆದಾಗ ನೋಡಿದವರು, ನೇರ ದಾರಿ ಮುಗಿಯುವ ಮೊದಲೇ ಚಾಲಕರು ಕಾಲನ್ನು ಸಡಿಲಿಸಿ ಕಾರನ್ನು ತೇಲಬಿಡುವ ಕ್ರಮವನ್ನು ಗಮನಿಸಿರಬಹುದು. ನಮ್ಮ ಎರಡನೆಯ ಸ್ಪರ್ಧಿಯ ಉಪಾಯವೇ ಅದು.

ನಯವಾದ ಕೈಗೆ ಇನ್ನೊಂದು ಲಾಭವುಂಟು. ಬ್ಯಾಟರಿಯ ಆಂತರಿಕ ರೋಧ, ತಂತಿ, ಬೆಸುಗೆಗಳ ರೋಧ ಎಲ್ಲ ಸೇರಿ 40 ಮಿಲಿಓಮ್ ಇರಲಿ. 10 ಆಂಪಿಯರ್ ಪ್ರವಾಹ ಸಮವಾಗಿ ಹರಿದರೆ ಕಾವಾಗಿ ಹೋಗುವುದು 4 ವಾಟ್. ಅದರ ಬದಲು ಅರ್ಧ ಹೊತ್ತು 20 ಆಂಪಿಯರ್, ಉಳಿದರ್ಧ ಹೊತ್ತು ಏನೂ ಇಲ್ಲ ಎಂಬಂತೆ ಎಳೆದರೆ ಸರಾಸರಿ ಪ್ರವಾಹ ಅಷ್ಟೇ. ನಷ್ಟ ಮಾತ್ರ 8 ವಾಟ್. ಬೆಸುಗೆ ಕೆಟ್ಟು ಹತ್ತು ಮಿಲಿಓಮ್ ರೋಧ ಕೂಡಿಕೊಂಡರೂ 30 ಆಂಪಿಯರ್ ಹರಿಯುವ ಗಳಿಗೆಯಲ್ಲಿ ಅಲ್ಲಿಯೇ 9 ವಾಟ್ ಸುಟ್ಟುಹೋಗುತ್ತದೆ. ಓಟದ ನಂತರ ಬೆಚ್ಚಗಿರುವ ಕೂಡುಗೊಂಡಿಯನ್ನು ಕಂಡರೆ ಅದನ್ನು ಬದಲಾಯಿಸುವುದೇ ಸರಿ. ಮೊದಲ ಕಾಲದ ಕಾರುಗಳಲ್ಲಿ ವೇಗವನ್ನು ಇಳಿಸಲು ಪ್ರವಾಹವನ್ನು ಒಂದು ರೋಧಕದ ಮೂಲಕ ಹಾಯಿಸುತ್ತಿದ್ದರು. ಉಳಿಯಬೇಕಾದ ಶಕ್ತಿ ಅಲ್ಲಿ ಕಾವಾಗುತ್ತಿತ್ತು. ಸೆಕೆಂಡಿಗೆ ಸಾವಿರಾರು ಸಲ ಪ್ರವಾಹವನ್ನು ಕಡಿದು ಕೂಡಿಸುವ ಟ್ರಾನ್ಸಿಸ್ಟರ್ ನಿಯಂತ್ರಕಗಳು ಬಂದು ಆ ನಷ್ಟವನ್ನು ಬಹುಮಟ್ಟಿಗೆ ನೀಗಿದುವು.

ಘರ್ಷಣೆಯನ್ನು ಅಳೆಯಲು ಒಂದು ಹಲಗೆ, ಒಂದು ಅಳತೆಪಟ್ಟಿ ಸಾಕು. ಹಲಗೆಯನ್ನು ಓರೆಯಾಗಿಟ್ಟು 10 ಸೆಂಟಿಮೀಟರ್ ಎತ್ತರದಿಂದ ಕಾರನ್ನು ತಳ್ಳದೆ ಬಿಡಿ. ಅದು ಒಟ್ಟು ಎರಡೂವರೆ ಮೀಟರ್ ಉರುಳಿ ನಿಂತರೆ, ಎತ್ತರವನ್ನು ದೂರದಿಂದ ಭಾಗಿಸಿದಾಗ 0.04 ಬರುತ್ತದೆ, ಕಾರಿನ ತೂಕದ ನೂರರಲ್ಲಿ ನಾಲ್ಕು ಪಾಲಿನಷ್ಟು ಬಲ ಅದನ್ನು ಹಿಂದಕ್ಕೆಳೆಯುತ್ತಿದೆಯೆಂದರ್ಥ. ಪಿನಿಯನ್ನನ್ನು ಕಳಚಿ ಮತ್ತೊಮ್ಮೆ ಬಿಟ್ಟರೆ, ಮೋಟಾರಿನ ಪಾಲೆಷ್ಟು, ಚಕ್ರಗಳ ಪಾಲೆಷ್ಟು ಎಂಬುದು ಬೇರೆಯಾಗಿ ತಿಳಿಯುತ್ತದೆ. ಪ್ಲಾಸ್ಟಿಕ್ ಬಳೆಗಳಿದ್ದ ಕಡೆ ಗುಂಡಿನ ಬೇರಿಂಗುಗಳನ್ನು ಹಾಕಿ ಪರೀಕ್ಷಿಸಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಲ್ಲುಚಕ್ರಗಳನ್ನು ಬಿಗಿಯಾಗಿ ಒತ್ತಿ ಕೂರಿಸಬಾರದು. ನಡುವೆ ತೆಳು ಕಾಗದದ ಪಟ್ಟಿಯನ್ನಿಟ್ಟು ತಿರುಪನ್ನು ಬಿಗಿದು, ಆ ಮೇಲೆ ಕಾಗದವನ್ನು ತೆಗೆದರೆ ಬೇಕಾದಷ್ಟು ಸಡಿಲ ತಾನಾಗಿ ದೊರೆಯುತ್ತದೆ. ಗಾಳಿಯ ತಡೆ ನುಂಗುವ ಸಾಮರ್ಥ್ಯವಾದರೋ ವೇಗದ ಘನವನ್ನು ಅನುಸರಿಸುತ್ತದೆ. ಚಿಕ್ಕ ಅಂಗಳದ ಓಟದಲ್ಲಿ ಅದರ ಚಿಂತೆ ಅಷ್ಟಾಗಿ ಬೇಡ.

ಇನ್ನು ಬ್ಯಾಟರಿಯ ವಿಷಯ. ಸಾಲಾಗಿ ಜೋಡಿಸಿದ ಆರು ಕೋಶಗಳಲ್ಲಿ ಅತಿ ದುರ್ಬಲವಾದುದು ಬರಿದಾದೊಡನೆ ಓಟ ಮುಗಿದಂತೆಯೇ. ಉಳಿದ ಐದು ಅದರ ಮೂಲಕ ಪ್ರವಾಹವನ್ನು ನುಗ್ಗಿಸಿ ಅದನ್ನು ಕೆಡಿಸಿಯೂ ಬಿಡುತ್ತವೆ. ಇದಕ್ಕಾಗಿಯೇ ಪ್ರತಿ ಕೋಶವನ್ನೂ ಒಂದೇ ಪ್ರವಾಹದಲ್ಲಿ ಬರಿದು ಮಾಡಿ, ಎಷ್ಟು ಸೆಕೆಂಡು ಬಾಳಿತೆಂಬುದನ್ನು ಅದರ ಮೇಲೆಯೇ ಚೀಟಿ ಅಂಟಿಸಿ ಬರೆದು, ಸರಿಜೋಡಿ ಕೋಶಗಳನ್ನು ಹೆಚ್ಚಿನ ಬೆಲೆಗೆ ಮಾರುವ ವ್ಯಾಪಾರವೇ ಬೆಳೆದಿತ್ತು. ಈಗ ಆ ಕೋಶಗಳ ಸ್ಥಾನವನ್ನು ಲಿಥಿಯಮ್-ಪಾಲಿಮರ್ ಬ್ಯಾಟರಿಗಳು ಆಕ್ರಮಿಸಿವೆ. 7.4 ವೋಲ್ಟಿನ, 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,33,000 ಜೌಲ್ ಅಡಗಿದೆ. ಹಳೆಯ ಬುತ್ತಿಯ ನಾಲ್ಕು ಪಟ್ಟಿಗಿಂತಲೂ ಹೆಚ್ಚು, ತೂಕ ಹೆಚ್ಚಿಲ್ಲ. ಐದು ನಿಮಿಷಗಳ ಪಂದ್ಯಕ್ಕೆ ಇದು ಧಾರಾಳವಾಗಿ ಸಾಕು. ಆದರೆ ಮೈದಾನದಲ್ಲಿ ಒಂದೇ ಬ್ಯಾಟರಿಯನ್ನು ನೆಚ್ಚಿಕೊಂಡು ಆಡುವ ವಿದ್ಯಾರ್ಥಿಗೆ ಮೇಲಿನ ಲೆಕ್ಕಗಳೆಲ್ಲ ಇಂದಿಗೂ ಅನ್ವಯಿಸುತ್ತವೆ.

ಕೊನೆಯ ತೊಟ್ಟನ್ನೂ ಹೀರಿ ಹೊತ್ತು ಗಳಿಸುವ ಆಸೆ ಮಾತ್ರ ಈ ಹೊಸ ಬ್ಯಾಟರಿಯೊಡನೆ ಸಲ್ಲದು. ಪ್ರತಿ ಕೋಶದ ದಾಬ 3 ವೋಲ್ಟಿಗಿಂತ ಕೆಳಗಿಳಿದರೆ ಅದರ ರಾಸಾಯನಿಕ ರಚನೆ ಮತ್ತೆ ಸರಿಪಡಿಸಲಾಗದಂತೆ ಕೆಡುತ್ತದೆ, 4.2 ವೋಲ್ಟನ್ನು ಮೀರಿ ತುಂಬಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಐದನೆಯ ಒಂದು ಪಾಲು ಉಳಿದಿರುವಾಗಲೇ ಓಟವನ್ನು ನಿಲ್ಲಿಸಬೇಕು. ಲಿಥಿಯಮ್ ಬ್ಯಾಟರಿಗೆಂದೇ ಮಾಡಿದ, ಕೋಶಗಳನ್ನು ಸಮತೂಕಕ್ಕೆ ತರುವ ಚಾರ್ಜರಿನಿಂದಲೇ, ಪಕ್ಕದಲ್ಲಿ ಯಾರಾದರೂ ಇರುವಾಗ ಮಾತ್ರ, ಅದನ್ನು ತುಂಬಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ವಾರಗಟ್ಟಲೆ ಆಟವಿಲ್ಲದಿದ್ದರೆ ಕೋಶಕ್ಕೆ 3.8 ವೋಲ್ಟಿನಂತೆ ಇರಿಸಿ, ಬಿಸಿಲು ತಾಗದ ತಂಪಾದ ಕಡೆ, ಬೇಗ ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಾಗಿ ತೆಗೆದಿಡಿ.