ಕೆರೆಯ ವರದಿ ಒಪ್ಪಿಸುವ ಮಕ್ಕಳು

1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಮಕ್ಕಳು ಕೈಗೆತ್ತಿಕೊಳ್ಳುವ ಸಮಸ್ಯೆ ಅವರ ಊರಿನದೇ ಆಗಿರಬೇಕು. ಅಂಗಡಿಯಿಂದ ತಂದ ಥರ್ಮಾಕೋಲ್ ಮಾದರಿಗೆ ಇಲ್ಲಿ ಬೆಲೆಯಿಲ್ಲ. 10ರಿಂದ 17 ವರ್ಷದೊಳಗಿನ ಯಾರು ಬೇಕಾದರೂ, ಶಾಲೆ ಬಿಟ್ಟ ಮಕ್ಕಳೂ, ಪುಟ್ಟ ತಂಡ ಕಟ್ಟಿಕೊಂಡು, ಮಾರ್ಗದರ್ಶಕರೊಬ್ಬರ ನೆರವಿನಿಂದ ಅಧ್ಯಯನ ಮಾಡಿ ತಮ್ಮದೇ ಭಾಷೆಯಲ್ಲಿ ಮಂಡಿಸಬಹುದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಈ ಕಾರ್ಯಕ್ರಮವನ್ನು ನಮ್ಮಲ್ಲಿ ಮನೆಮಾತಾಗಿಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.

ಸಮಾವೇಶದ ಮುಖ್ಯ ವಿಷಯ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. 2004 ಮತ್ತು 2005ರಲ್ಲಿ ಜಲಸಂಪನ್ಮೂಲವೇ ವಿಷಯವಾಗಿತ್ತು. ಆಮೇಲೆ ಭೂಮಿ, ಶಕ್ತಿ, ಹವಾಮಾನ ಬಂದವು. ಆದರೆ ಸುಮಾರು 36 ಸಾವಿರ ಕೆರೆಗಳಿರುವ ನಾಡಿನಲ್ಲಿ ಯಾವ ವಿಷಯ ಕೊಟ್ಟರೂ ಮಕ್ಕಳ ಕಾಲು ಕೆರೆಯ ಏರಿಯತ್ತಲೇ ಎಳೆಯುವುದು ಸಹಜ.

ಕೆರೆಯ ಪ್ರಾಜೆಕ್ಟ್ ಸಾಮಾನ್ಯವಾಗಿ ನಕ್ಷೆಯಿಂದ ಶುರು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲವನ್ನೂ ಹಾಳೆಯ ಮೇಲೆ ಗುರುತಿಸಬೇಕು. ನೀರು ತರುವ ಕಾಲುವೆಯ ಜಾಡು ಹಿಡಿದು ಮೇಲಕ್ಕೆ ನಡೆದರೆ ಅದು ಎಲ್ಲಿ ಮುಚ್ಚಿಹೋಗಿದೆ, ಯಾವ ಚರಂಡಿ ಬಂದು ಸೇರಿದೆ ಎಂದು ಕಣ್ಣಾರೆ ಕಾಣುತ್ತದೆ. ನೀರಗಂಟಿಯ ಕೆಲಸ ಮಾಡಿದ ಹಿರಿಯರು ಇನ್ನೂ ಇದ್ದರೆ ಹೂಳೆತ್ತಿದ್ದು ಯಾವಾಗ, ಕೋಡಿ ಹರಿದದ್ದು ಯಾವ ವರ್ಷ ಎಂಬ ಲೆಕ್ಕ ಅವರ ಬಾಯಲ್ಲೇ ಸಿಗುತ್ತದೆ.

ಆಮೇಲೆ ನೀರಿನ ಪರೀಕ್ಷೆ. ರಾಸಾಯನಿಕ ಸವರಿದ ಕಾಗದದ ಪಟ್ಟಿಯಿರುವ ಒಂದು ಸಣ್ಣ ಬಾಟಲಿ ಸಿಗುತ್ತದೆ. ಅದಕ್ಕೆ ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರಾಯಿತು. ನೀರು ಕಪ್ಪಾದರೆ ಅದಕ್ಕೆ ಮಲ ಸೇರಿರುವ ಸಂಭವ ಹೆಚ್ಚು. ಕೆಸರನ್ನು ಜರಡಿ ಹಿಡಿದರೆ ಇನ್ನೊಂದು ಸಾಕ್ಷಿ. ದಾರದೆಳೆಯಂಥ ಕಡುಗೆಂಪು ಹುಳುಗಳೇ ತುಂಬಿದ್ದರೆ ಕೊಳಚೆ ಸೇರಿ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿದೆಯೆಂದು ಊಹಿಸಬಹುದು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನೇ ಆ ಹುಳುವಿಗೂ ಕೆಂಪು ಬಣ್ಣ ಕೊಟ್ಟಿದೆ. ಅದರ ಬಲದಿಂದಲೇ ಅದು ಉಸಿರುಗಟ್ಟುವ ಕೆಸರಿನಲ್ಲೂ ಬದುಕುತ್ತದೆ. ಇಷ್ಟನ್ನು ಕಣ್ಣಾರೆ ಕಂಡ ಹುಡುಗಿಗೆ ಜಲಮಾಲಿನ್ಯದ ಪಾಠವನ್ನು ಉರು ಹೊಡೆಸುವ ಅಗತ್ಯವೇ ಬೀಳದು.

ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜೀವಾಳ ಇರುವುದು ಮಂಡನೆಯಲ್ಲಿ. ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೂರು ಹಂತ. ತೀರ್ಪುಗಾರರು ದಿನಚರಿ ಪುಸ್ತಕ ತಿರುವಿ ಕೇಳುತ್ತಾರೆ: ಎಷ್ಟು ಕಡೆ ಅಳೆದಿರಿ? ಮಳೆಗೆ ಮುಂಚೆಯೋ, ಆಮೇಲೋ? ಉತ್ತರ ಮಕ್ಕಳೇ ಕೊಡಬೇಕು, ಮೇಷ್ಟ್ರು ಬಾಯಿ ಹಾಕುವಂತಿಲ್ಲ. ಅದಕ್ಕಿಂತ ದೊಡ್ಡ ಲಾಭ ಮಕ್ಕಳು ಒಬ್ಬರಿಂದೊಬ್ಬರು ಕಲಿಯುವುದು. ಬತ್ತಿದ ಕೆರೆಯ ಕಥೆ ತಂದ ಬಯಲುಸೀಮೆಯ ತಂಡಕ್ಕೆ ಮಲೆನಾಡಿನ ಹಳ್ಳಗಳೂ ಬೇಸಿಗೆಯಲ್ಲಿ ಸೊರಗುತ್ತವೆ ಎಂದು ತಿಳಿಯುವುದು ಇಂಥ ಕಡೆಯಲ್ಲೇ.

ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಎರಡು ವರ್ಷಕ್ಕೊಮ್ಮೆ ನಡೆಸುತ್ತ ಬಂದ ‘ಲೇಕ್’ ಸಮ್ಮೇಳನದಲ್ಲೂ ವಿದ್ಯಾರ್ಥಿಗಳಿಗೆ ವೇದಿಕೆಯಿದೆ. 2014ರಲ್ಲಿ ಶಿರಸಿಯಲ್ಲಿ, 2016ರಲ್ಲಿ ಮೂಡುಬಿದಿರೆಯಲ್ಲಿ ಅದು ನಡೆಯಿತು. ವಿಜ್ಞಾನಿಗಳ ಮುಂದೆ ನಿಂತು ತಮ್ಮೂರ ನೀರಿನ ಬಗ್ಗೆ ಹೇಳುವ ಭಾಗ್ಯ ಮಕ್ಕಳಿಗೆ ಅಲ್ಲೂ ಸಿಕ್ಕಿದೆ.

ಬೇಸರ ಒಂದೇ. ಇಷ್ಟು ಶ್ರಮದಿಂದ ಸಿದ್ಧವಾದ ವರದಿ ಪ್ರಮಾಣಪತ್ರ ಬಂದ ಮೇಲೆ ಶಾಲೆಯ ಬೀರು ಸೇರಿಬಿಡುತ್ತದೆ. ಆ ಕೆರೆಯ ಬಗ್ಗೆ ತೀರ್ಮಾನ ಕೈಗೊಳ್ಳುವವರ ಕೈಗೆ ಅದು ತಲುಪುವುದು ಅಪರೂಪ. ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಇದ್ದೇ ಇದೆ. ನಿಮ್ಮೂರ ಶಾಲೆಯ ಮಕ್ಕಳು ಕೆರೆಯ ಬಗ್ಗೆ ವರದಿ ಬರೆದಿದ್ದರೆ ಮುಂದಿನ ಸಭೆಯಲ್ಲಿ ಅದನ್ನು ಓದಿಸಿ, ನಡಾವಳಿಯಲ್ಲಿ ದಾಖಲಿಸುವಂತೆ ಅಧ್ಯಕ್ಷರನ್ನೂ ಪಿಡಿಒ ಅವರನ್ನೂ ಕೇಳಿ.