ಕೆಮಿಕಲ್ ಇಲ್ಲದ ಬೆಲ್ಲ, ಕೊಲೆಸ್ಟೆರಾಲ್ ಇಲ್ಲದ ಎಣ್ಣೆ: ಸಣ್ಣ ವ್ಯಾಪಾರದ ಜಾಹೀರಾತಿನಲ್ಲಿ ಏನು ಬರೆಯಬಹುದು, ಏನು ಬರೆಯಬಾರದು?

ಮರದ ಗಾಣದ ಎಣ್ಣೆ, ಆಲೆಮನೆಯ ಬೆಲ್ಲ, ಕಾಡಿನ ಜೇನು, ಮನೆಯಲ್ಲೇ ಮಾಡಿದ ಚಟ್ನಿಪುಡಿ. ಇಂತಹ ಪದಾರ್ಥಗಳನ್ನು ಮಾರುವ ಸಣ್ಣ ಉದ್ಯಮಗಳು ಈಗ ಊರೂರಿನಲ್ಲೂ ಇವೆ. ಅವರ ಬಳಿ ಜಾಹೀರಾತು ಕಂಪನಿ ಇರುವುದಿಲ್ಲ. ಲೇಬಲ್ ಮೇಲಿನ ಎರಡು ಸಾಲು, ವಾಟ್ಸ್ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಪೋಸ್ಟ್, ಜಾಲತಾಣದ ಬ್ಲಾಗ್ ಎಲ್ಲವನ್ನೂ ಮಾಲೀಕರೇ ಬರೆಯಬೇಕು, ಅಥವಾ ಮನೆಯ ಮಕ್ಕಳ ಕೈಲಿ ಬರೆಸಬೇಕು.

ಬರೆಯಲು ಕೂತಾಗ ಬಹುತೇಕರು ಮಾಡುವುದು ಒಂದೇ ಕೆಲಸ: ಬೇರೆಯವರು ಏನು ಬರೆದಿದ್ದಾರೆಂದು ನೋಡುವುದು. ಹಾಗಾಗಿ 'ನೂರಕ್ಕೆ ನೂರು ನೈಸರ್ಗಿಕ', 'ಕೆಮಿಕಲ್ ರಹಿತ', 'ಶುಗರ್ ಇರುವವರೂ ತಿನ್ನಬಹುದು', 'ಯಾವುದೇ ಸೈಡ್ ಎಫೆಕ್ಟ್ ಇಲ್ಲ' ಎಂಬ ಸಾಲುಗಳು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ. ಈ ಪರಿಣಾಮವನ್ನು ಅಮೆರಿಕದ ಮನಃಶಾಸ್ತ್ರಜ್ಞರು 1977ರಲ್ಲೇ ಪ್ರಯೋಗದ ಮೂಲಕ ತೋರಿಸಿದ್ದರು. ಓದುವ ಗ್ರಾಹಕರು ಮಾತ್ರವಲ್ಲ, ಬರೆಯುವ ವ್ಯಾಪಾರಿಯೂ ಇದಕ್ಕೆ ಒಳಗಾಗುತ್ತಾರೆ.

ಆದರೆ ಈ ಸಾಲುಗಳಲ್ಲಿ ಕೆಲವು ಅರ್ಥವಿಲ್ಲದವು, ಕೆಲವು ಅರ್ಧ ಸತ್ಯ, ಕೆಲವು ಅಪಾಯಕಾರಿ. ಹೆಚ್ಚಾಗಿ ಕಾಣಿಸುವ ಐದನ್ನು ಒಂದೊಂದಾಗಿ ನೋಡೋಣ.

1. 'ಕೆಮಿಕಲ್ ಇಲ್ಲ'

ನೀರೂ ಒಂದು ರಾಸಾಯನಿಕ, ಉಪ್ಪೂ ಒಂದು ರಾಸಾಯನಿಕ. ಬೆಲ್ಲದ ಬಹುಭಾಗ ಸುಕ್ರೋಸ್ ಎಂಬ ರಾಸಾಯನಿಕ. ಆದ್ದರಿಂದ ಅಕ್ಷರಶಃ ಹೇಳುವುದಾದರೆ ಕೆಮಿಕಲ್ ಇಲ್ಲದ ಆಹಾರ ಜಗತ್ತಿನಲ್ಲೇ ಇಲ್ಲ.

ವ್ಯಾಪಾರಿ ಹೇಳಲು ಬಯಸಿದ್ದು ಬೇರೆ. ಬೆಲ್ಲದ ಬಣ್ಣ ತಿಳಿಯಾಗಲಿ ಎಂದು ಕೆಲವೆಡೆ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುತ್ತಾರೆ. ಆಲೆಮನೆಯವರು ಇದನ್ನು 'ಹೈಡ್ರೋಸ್' ಎನ್ನುತ್ತಾರೆ. ಇದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ, ಮತ್ತು ಸಲ್ಫೈಟುಗಳು ಕೆಲವು ಅಸ್ತಮಾ ರೋಗಿಗಳಿಗೆ ತೊಂದರೆ ಕೊಡಬಲ್ಲವು. ನೀವು ಅದನ್ನು ಹಾಕುವುದಿಲ್ಲ ಎಂದಾದರೆ ಆ ಮಾತನ್ನೇ ನೇರವಾಗಿ ಬರೆಯಬಹುದು: 'ಬಣ್ಣ ತಿಳಿ ಮಾಡಲು ಹೈಡ್ರೋಸ್ ಹಾಕಿಲ್ಲ. ಹಾಗಾಗಿ ನಮ್ಮ ಬೆಲ್ಲ ಕಪ್ಪು ಮಿಶ್ರಿತ ಕಂದು ಬಣ್ಣಕ್ಕಿದೆ.' ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ ಬಳಸಿದ್ದರೆ, ಅಥವಾ ಬೆಂಡೆ ಗಿಡದ ಲೋಳೆ ಬಳಸಿದ್ದರೆ, ಅದನ್ನೂ ಹೇಳಬಹುದು. 'ಕೆಮಿಕಲ್ ಇಲ್ಲ' ಎಂಬ ಎರಡು ಪದಗಳಿಗಿಂತ ಇದರಲ್ಲಿ ಹೆಚ್ಚು ಮಾಹಿತಿಯಿದೆ. ಬಣ್ಣ ಯಾಕೆ ಕಪ್ಪು ಎಂಬ ಗ್ರಾಹಕರ ಅನುಮಾನಕ್ಕೂ ಉತ್ತರ ಸಿಕ್ಕಿತು.

2. 'ಕೊಲೆಸ್ಟೆರಾಲ್ ಇಲ್ಲದ ಎಣ್ಣೆ'

ಇದು ನಿಜ. ಆದರೆ ನಿಮ್ಮ ಎಣ್ಣೆಗೆ ಮಾತ್ರವಲ್ಲ, ಅಂಗಡಿಯ ಎಲ್ಲ ಸಸ್ಯಜನ್ಯ ಎಣ್ಣೆಗೂ ನಿಜ. ಕೊಲೆಸ್ಟೆರಾಲ್ ಮುಖ್ಯವಾಗಿ ಪ್ರಾಣಿಜನ್ಯ ಆಹಾರದಲ್ಲಿರುವ ವಸ್ತು. ಕಡಲೆಕಾಯಿ, ಎಳ್ಳು, ಕೊಬ್ಬರಿ, ಸೂರ್ಯಕಾಂತಿ ಇವುಗಳಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ.

ತೊಂದರೆ ಇರುವುದು ಗ್ರಾಹಕರು ಈ ಸಾಲನ್ನು ಅರ್ಥ ಮಾಡಿಕೊಳ್ಳುವ ರೀತಿಯಲ್ಲಿ. 'ಇದರಲ್ಲಿ ಕೊಲೆಸ್ಟೆರಾಲ್ ಇಲ್ಲ' ಎಂದರೆ 'ಇದನ್ನು ತಿಂದರೆ ನನ್ನ ಕೊಲೆಸ್ಟೆರಾಲ್ ಏರುವುದಿಲ್ಲ' ಎಂದು ಅವರು ತಿಳಿಯುತ್ತಾರೆ. ಇವೆರಡೂ ಒಂದೇ ಅಲ್ಲ. ನಮ್ಮ ರಕ್ತದಲ್ಲಿರುವ ಕೊಲೆಸ್ಟೆರಾಲಿನ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ, ಮತ್ತು ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ 'ಕೆಟ್ಟ ಕೊಲೆಸ್ಟೆರಾಲ್' ಎನ್ನುವ ಎಲ್‌ಡಿಎಲ್ ಏರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಶೇ. 90ರಷ್ಟಿದೆ. ಕಡಲೆಕಾಯಿ ಎಣ್ಣೆಯಲ್ಲಿ ಅದು ಶೇ. 20ರ ಆಸುಪಾಸು. ಇನ್ನು ಕ್ಯಾಲೊರಿ ವಿಷಯದಲ್ಲಿ ಎಲ್ಲ ಎಣ್ಣೆಯೂ ಒಂದೇ: ಗ್ರಾಂಗೆ ಸುಮಾರು 9 ಕಿಲೋಕ್ಯಾಲೊರಿ. ಗಾಣದಲ್ಲಿ ಆಡಿಸಿದರೂ ಅಷ್ಟೇ, ಕಾರ್ಖಾನೆಯಲ್ಲಿ ತೆಗೆದರೂ ಅಷ್ಟೇ.

3. 'ಬೆಲ್ಲ ತಿಂದರೆ ಶುಗರ್ ಏರುವುದಿಲ್ಲ'

ಈ ಐದರಲ್ಲಿ ಅತಿ ಹೆಚ್ಚು ಹಾನಿ ಮಾಡಬಲ್ಲ ಸಾಲುಗಳಲ್ಲಿ ಇದೂ ಒಂದು. ಬೆಲ್ಲ ಮತ್ತು ಸಕ್ಕರೆ ಎರಡೂ ಕಬ್ಬಿನ ಹಾಲಿನಿಂದಲೇ ಬರುತ್ತವೆ, ಎರಡರಲ್ಲೂ ಮುಖ್ಯವಾಗಿರುವುದು ಸುಕ್ರೋಸ್. ದೇಹ ಅದನ್ನು ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಆಗಿ ಒಡೆಯುತ್ತದೆ. ಬೆಲ್ಲದ ಗ್ಲೂಕೋಸ್ ಯಾವುದು, ಸಕ್ಕರೆಯ ಗ್ಲೂಕೋಸ್ ಯಾವುದು ಎಂದು ರಕ್ತಕ್ಕೆ ಗೊತ್ತಾಗುವುದಿಲ್ಲ. 10 ಗ್ರಾಂ ಸಕ್ಕರೆಯಲ್ಲಿ 40 ಕಿಲೋಕ್ಯಾಲೊರಿ ಇದ್ದರೆ, 10 ಗ್ರಾಂ ಬೆಲ್ಲದಲ್ಲಿ ಅದಕ್ಕಿಂತ ತುಸು ಕಡಿಮೆ.

ಬೆಲ್ಲದಲ್ಲಿ ಕಬ್ಬಿಣ ಮತ್ತು ಇತರ ಖನಿಜಗಳು ಇವೆ ಎಂಬುದು ಸರಿ. ಆದರೆ ಅಳತೆಯೂ ಮುಖ್ಯ. 100 ಗ್ರಾಂ ಬೆಲ್ಲದಲ್ಲಿ ಇರುವುದು ಕೆಲವೇ ಮಿಲಿಗ್ರಾಂ ಕಬ್ಬಿಣ, ನಾವು ಒಮ್ಮೆಗೆ ತಿನ್ನುವುದು ಒಂದು ಸಣ್ಣ ತುಂಡು. ರಕ್ತಹೀನತೆ ಹೋಗಲಾಡಿಸುವಷ್ಟು ಬೆಲ್ಲ ತಿನ್ನಲು ಹೊರಟರೆ ಅದರ ಜೊತೆ ಬರುವ ಸಕ್ಕರೆಯೇ ದೊಡ್ಡ ಸಮಸ್ಯೆಯಾಗುತ್ತದೆ.

ನಿಮ್ಮ ಪೋಸ್ಟ್ ಓದಿದ ಮಧುಮೇಹಿಯೊಬ್ಬರು ದಿನಕ್ಕೆ ಮೂರು ಸಲ ಬೆಲ್ಲದ ಕಾಫಿ ಕುಡಿಯಲು ಶುರು ಮಾಡಿದರೆ, ಅದರ ಪರಿಣಾಮ ಅವರ ಮುಂದಿನ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ. ನಿಮಗೆ ಮಾತ್ರ ಅದು ತಿಳಿಯುವುದೇ ಇಲ್ಲ. ಬೆಲ್ಲವನ್ನು ಅದರ ರುಚಿ, ಪರಿಮಳ ಹೇಳಿ ಮಾರಿ. ಹೋಳಿಗೆಗೆ, ಪಾಯಸಕ್ಕೆ ಅದರಿಂದ ಬರುವ ಸ್ವಾದ ಸಕ್ಕರೆಯಿಂದ ಬರುವುದಿಲ್ಲ. ಅದು ಸುಳ್ಳಲ್ಲ, ಸಣ್ಣ ಮಾತೂ ಅಲ್ಲ.

4. 'ಅಸಲಿ ಜೇನು ಗಟ್ಟಿಯಾಗುವುದಿಲ್ಲ'

ಇದು ನಿಜಕ್ಕೆ ತಿರುಗುಮುರುಗು. ಜೇನಿನಲ್ಲಿ ಫ್ರುಕ್ಟೋಸ್, ಗ್ಲೂಕೋಸ್ ತುಂಬಾ ಇವೆ, ನೀರು ಕಡಿಮೆ. ಅಷ್ಟು ಕಡಿಮೆ ನೀರಿನಲ್ಲಿ ಅಷ್ಟೊಂದು ಗ್ಲೂಕೋಸ್ ಕರಗಿ ನಿಲ್ಲುವುದು ಕಷ್ಟ. ಹಾಗಾಗಿ ಅದು ನಿಧಾನವಾಗಿ ಹರಳುಗಟ್ಟುತ್ತದೆ, ಚಳಿಗಾಲದಲ್ಲಿ ಇನ್ನೂ ಬೇಗ. ಯಾವ ಹೂವಿನ ಜೇನು ಎನ್ನುವುದರ ಮೇಲೆ ಗಟ್ಟಿಯಾಗುವ ವೇಗ ಬದಲಾಗುತ್ತದೆ. ಗಟ್ಟಿಯಾದದ್ದು ಕಲಬೆರಕೆಯ ಗುರುತಲ್ಲ, ಆಗದಿದ್ದುದು ಶುದ್ಧತೆಯ ಗುರುತೂ ಅಲ್ಲ.

ನೀರಿಗೆ ಹಾಕಿ ನೋಡುವುದು, ಬೆಂಕಿಕಡ್ಡಿ ಅದ್ದಿ ಹೊತ್ತಿಸುವುದು ಇಂತಹ 'ಮನೆ ಪರೀಕ್ಷೆ'ಗಳನ್ನೂ ಜಾಹೀರಾತಿನಲ್ಲಿ ತೋರಿಸುವವರಿದ್ದಾರೆ. ಇವು ಜೇನಿನಲ್ಲಿ ನೀರು ಎಷ್ಟಿದೆ, ಅದು ಎಷ್ಟು ಮಂದವಾಗಿದೆ ಎಂಬುದನ್ನು ಅಷ್ಟಿಷ್ಟು ಸೂಚಿಸಬಹುದು. ಮಂದವಾದ ಸಕ್ಕರೆ ಪಾಕವೂ ಈ ಪರೀಕ್ಷೆಗಳಲ್ಲಿ ಪಾಸಾಗುತ್ತದೆ.

ಜೇನು ಮಾರುವವರು ತಪ್ಪದೆ ಬರೆಯಬೇಕಾದ, ಆದರೆ ಬಹಳಷ್ಟು ಜನ ಬರೆಯದ ಸಾಲೊಂದಿದೆ: 'ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬೇಡಿ.' ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು, ಎಳೆಮಗುವಿನ ಕರುಳಿನಲ್ಲಿ ಬೆಳೆದು ವಿಷ ಉತ್ಪಾದಿಸಬಲ್ಲವು. ಇದು ಅಪರೂಪದ ಕಾಯಿಲೆಯಾದರೂ ಮಗುವಿನ ಉಸಿರಾಟಕ್ಕೇ ಕುತ್ತು ತರಬಹುದು. ನಮ್ಮಲ್ಲಿ ಹಸುಗೂಸಿಗೆ ಜೇನು ನೆಕ್ಕಿಸುವ ರೂಢಿ ಇರುವುದರಿಂದ ಈ ಸಾಲು ಲೇಬಲ್ ಮೇಲೆ ಎದ್ದು ಕಾಣಬೇಕು.

5. 'ನೈಸರ್ಗಿಕ, ಆದ್ದರಿಂದ ಸೈಡ್ ಎಫೆಕ್ಟ್ ಇಲ್ಲ'

ನಿಸರ್ಗದಲ್ಲಿ ಸಿಗುವುದೆಲ್ಲ ಸುರಕ್ಷಿತವಲ್ಲ. ಗಾಣದ ಕಡಲೆಕಾಯಿ ಎಣ್ಣೆಯನ್ನೇ ತೆಗೆದುಕೊಳ್ಳಿ. ಕಡಲೆಬೀಜ ಸರಿಯಾಗಿ ಒಣಗದೆ ಬೂಷ್ಟು ಹಿಡಿದರೆ, ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯ ತನಿಖೆಯಿಂದ ಈ ವಿಷ ಪತ್ತೆಯಾಯಿತು. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ರಿಫೈನ್ ಮಾಡುವಾಗ ಅಫ್ಲಟಾಕ್ಸಿನ್ ಬಹುಮಟ್ಟಿಗೆ ಹೋಗಿಬಿಡುತ್ತದೆ. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲ. ಅದರಿಂದಾಗಿ ಅದರ ಪರಿಮಳ, ವಿಟಮಿನ್ ಇ ಮುಂತಾದವು ಉಳಿಯುತ್ತವೆ ಎಂಬುದು ಎಷ್ಟು ನಿಜವೋ, ಬೀಜ ಕೆಟ್ಟಿದ್ದರೆ ವಿಷವೂ ಉಳಿಯಬಹುದು ಎಂಬುದೂ ಅಷ್ಟೇ ನಿಜ. ಅಂದರೆ ಗಾಣದ ಎಣ್ಣೆಯ ಗುಣಮಟ್ಟ ಪೂರ್ತಿ ನಿಂತಿರುವುದು ಬೀಜದ ಮೇಲೆ.

ಒಳ್ಳೆಯ ಬ್ಲಾಗ್ ಬರಹಕ್ಕೆ ವಸ್ತು ಇಲ್ಲಿಯೇ ಇದೆ. ಬೀಜ ಎಲ್ಲಿಂದ ತರುತ್ತೀರಿ? ಎಷ್ಟು ದಿನ ಒಣಗಿಸುತ್ತೀರಿ? ಮುದುಡಿದ, ಬಣ್ಣಗೆಟ್ಟ ಬೀಜ ಆರಿಸಿ ತೆಗೆಯುತ್ತೀರಾ? ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಿದ್ದೀರಾ? ಇವುಗಳಿಗೆ ಉತ್ತರ ಬರೆದರೆ ಅದು ಯಾವ ಪಕ್ಕದ ಪುಟದಿಂದಲೂ ನಕಲು ಮಾಡಲಾಗದ ಬರಹವಾಗುತ್ತದೆ.

ಕಾನೂನು ಏನು ಹೇಳುತ್ತದೆ?

'ಸಣ್ಣ ವ್ಯಾಪಾರ, ನಮ್ಮನ್ನು ಯಾರು ಕೇಳುತ್ತಾರೆ' ಎಂಬ ಧೈರ್ಯ ಹಲವರಿಗಿದೆ. ಆದರೆ ನಿಯಮ ದೊಡ್ಡವರಿಗೂ ಸಣ್ಣವರಿಗೂ ಒಂದೇ.

ಆಹಾರದ ಜಾಹೀರಾತುಗಳಿಗೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ಪ್ರತ್ಯೇಕ ನಿಯಮಾವಳಿ ತಂದಿದೆ. ಆಹಾರವೊಂದು ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಮನಬಂದಂತೆ ಹೇಳುವಂತಿಲ್ಲ. ವೈದ್ಯರು ಶಿಫಾರಸು ಮಾಡಿದ್ದಾರೆ ಎಂದು ಸೂಚಿಸುವಂತಿಲ್ಲ. 'ನೈಸರ್ಗಿಕ', 'ತಾಜಾ', 'ಶುದ್ಧ', 'ಸಾಂಪ್ರದಾಯಿಕ' ಎಂಬಂತಹ ಪದಗಳಿಗೂ ಷರತ್ತುಗಳಿವೆ. ಆಹಾರ ಸುರಕ್ಷತೆ ಕಾಯ್ದೆ (2006) ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ (2019) ಇದೇ ತಪ್ಪು ಮರುಕಳಿಸಿದರೆ ದಂಡ 50 ಲಕ್ಷದವರೆಗೂ ಹೋಗಬಹುದು. ಔಷಧವೆಂದು ಮಾರುವ ತೈಲ, ಕಷಾಯಗಳಿಗೆ 1954ರ ಇನ್ನೊಂದು ಕಾಯ್ದೆಯಿದೆ. ಮಧುಮೇಹ, ಕ್ಯಾನ್ಸರ್ ಸೇರಿದಂತೆ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ಅದು ನಿಷೇಧಿಸುತ್ತದೆ, ಜೈಲು ಶಿಕ್ಷೆಗೂ ಅವಕಾಶವಿದೆ.

ಇನ್ನೊಂದು ತಪ್ಪು ತಿಳಿವಳಿಕೆ: ಲೇಬಲ್ ಮೇಲಿನ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಗುಣಮಟ್ಟದ ಪ್ರಶಸ್ತಿಯಲ್ಲ. ಅದು ವ್ಯಾಪಾರ ನಡೆಸಲು ಪಡೆದ ಪರವಾನಗಿ ಅಥವಾ ನೋಂದಣಿಯ ಸಂಖ್ಯೆ ಅಷ್ಟೇ. 'ಸರ್ಕಾರದಿಂದ ಪ್ರಮಾಣಿತ ಶುದ್ಧ ಎಣ್ಣೆ' ಎಂದು ಅದನ್ನು ತೋರಿಸುವುದು ಸರಿಯಲ್ಲ.

ಹಾಗಾದರೆ ಬರೆಯುವುದು ಏನನ್ನು?

ಗ್ರಾಹಕರು ಅಂಗಡಿಯಲ್ಲಿ, ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಒಂದು ವಾರ ಬರೆದಿಟ್ಟುಕೊಳ್ಳಿ. ಒಂದೊಂದು ಪ್ರಶ್ನೆಯೂ ಒಂದೊಂದು ಬರಹ. ಎಲ್ಲರೂ ಕೇಳುವ ಪ್ರಶ್ನೆ ಎಂದರೆ 'ಯಾಕಿಷ್ಟು ದುಬಾರಿ?' ಅದಕ್ಕೆ ಲೆಕ್ಕವೇ ಉತ್ತರ. ಗಾಣದಲ್ಲಿ ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಎರಡರಿಂದ ಎರಡೂವರೆ ಕೆ.ಜಿ. ಬೀಜ ಬೇಕಾಗುತ್ತದೆ. ಇಂದಿನ ಬೀಜದ ಬೆಲೆ, ಕೂಲಿ, ಕರೆಂಟು, ಬಾಟಲಿ ಸೇರಿಸಿ, ಹಿಂಡಿ ಮಾರಿದ ಹಣ ಕಳೆದು ತೋರಿಸಿ. 'ಅತ್ಯುತ್ತಮ ಗುಣಮಟ್ಟ' ಎಂದು ಹತ್ತು ಸಲ ಬರೆಯುವುದಕ್ಕಿಂತ ಈ ಲೆಕ್ಕವನ್ನು ಗ್ರಾಹಕರು ನಂಬುವ ಸಾಧ್ಯತೆ ಹೆಚ್ಚು, ಏಕೆಂದರೆ ಅದನ್ನು ಅವರೇ ಕೂಡಿ ಕಳೆದು ನೋಡಬಹುದು.

ಗೂಗಲ್‌ನಲ್ಲಿ ಮೇಲೆ ಬರಲು 'ಗಾಣದ ಎಣ್ಣೆ ಬೆಂಗಳೂರು' ಎಂದು ಸಾಲು ಸಾಲಿಗೂ ತುರುಕಬೇಕು ಎಂಬುದು ಹಳೆಯ ನಂಬಿಕೆ. ಹೀಗೆ ಪದ ತುಂಬುವುದನ್ನು ಗೂಗಲ್ ತನ್ನ ನಿಯಮಗಳಲ್ಲಿ ಸ್ಪ್ಯಾಮ್ ಎಂದೇ ಪರಿಗಣಿಸುತ್ತದೆ. ಎಐ ಕೈಲಿ ಬರೆಸಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಅಂತರಜಾಲದಲ್ಲಿ ಹರಡಿರುವ ಮೇಲಿನ ಐದು ಸಾಲುಗಳನ್ನೇ ಅದು ಅಚ್ಚುಕಟ್ಟಾಗಿ ಮರಳಿ ಕೊಡಬಹುದು. ತಪ್ಪಿದ್ದರೆ ಹೊಣೆ ಮಾತ್ರ ನಿಮ್ಮದೇ.

'ನಿಮ್ಮ ಎಣ್ಣೆಯಿಂದ ಮಂಡಿನೋವು ಹೋಯಿತು' ಎಂದು ಗ್ರಾಹಕರೊಬ್ಬರು ಸಂದೇಶ ಕಳಿಸಿದರೆ? ಅವರು ಸುಳ್ಳು ಹೇಳುತ್ತಿರಲಾರರು. ಆದರೆ ಮಂಡಿನೋವು ತಾನಾಗಿ ಏರಿಳಿಯುವಂಥದ್ದು, ಅವರು ಬೇರೆ ಔಷಧಿಯನ್ನೂ ತೆಗೆದುಕೊಳ್ಳುತ್ತಿರಬಹುದು. ನೀವು ಅದನ್ನು ಹಂಚಿಕೊಂಡ ಕೂಡಲೇ ಅದು ನಿಮ್ಮ ಜಾಹೀರಾತು. ಅದರ ಬದಲು ರುಚಿಯ ಬಗ್ಗೆ, ಪ್ಯಾಕಿಂಗ್ ಬಗ್ಗೆ, ಸಮಯಕ್ಕೆ ತಲುಪಿದ ಬಗ್ಗೆ ಬಂದ ಮಾತುಗಳನ್ನು ಅವರ ಒಪ್ಪಿಗೆ ಪಡೆದು ಹಾಕಿ.

ಪೋಸ್ಟ್ ಮಾಡುವ ಮೊದಲು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

* ಈ ಸಾಲು ನನ್ನ ಪದಾರ್ಥಕ್ಕೆ ಮಾತ್ರ ಹೊಂದುತ್ತದೆಯೋ, ಯಾರ ಪದಾರ್ಥಕ್ಕಾದರೂ ಹೊಂದುತ್ತದೆಯೋ?
* ಯಾರಾದರೂ 'ತೋರಿಸಿ' ಎಂದರೆ ತೋರಿಸಲು ಬಿಲ್ಲು, ಫೋಟೋ, ಲ್ಯಾಬ್ ವರದಿ ಏನಾದರೂ ಇದೆಯೇ?
* ಇದರಲ್ಲಿ ಯಾವುದಾದರೂ ಕಾಯಿಲೆಯ ಹೆಸರಿದೆಯೇ? ಇದ್ದರೆ ತೆಗೆಯಿರಿ.
* ಇದನ್ನು ನಂಬಿ ರೋಗಿಯೊಬ್ಬರು ಮಾತ್ರೆ ಬಿಡುವ ಅಥವಾ ಪಥ್ಯ ಮುರಿಯುವ ಸಾಧ್ಯತೆ ಇದೆಯೇ?

ಗ್ರಾಹಕರಿಗೂ ಈ ಪ್ರಶ್ನೆಗಳು ಉಪಯುಕ್ತ. ಮುಂದಿನ ಸಲ ಬಾಟಲಿಯ ಮೇಲೆ 'ಕೊಲೆಸ್ಟೆರಾಲ್ ರಹಿತ' ಎಂದು ಕಂಡರೆ, ಅದನ್ನು ಬಿಟ್ಟು ತಯಾರಿಸಿದ ದಿನಾಂಕ ನೋಡಿ, ಬೀಜ ಎಲ್ಲಿಯದು ಎಂದು ಕೇಳಿ. ತನ್ನ ಕೆಲಸ ಗೊತ್ತಿರುವ ಗಾಣದವರಿಗೆ ಆ ಪ್ರಶ್ನೆಗೆ ಉತ್ತರ ಕೊಡುವುದು ಇಷ್ಟದ ವಿಷಯವೇ ಆಗಿರುತ್ತದೆ.